ಪರ್ಮಾಂಗನೇಟ್ ಹರಳಿನ ಬಳಕೆಯಲ್ಲಿ ಎಚ್ಚರವಿರಲಿ

ನಿಮ್ಮ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಒಮ್ಮೆ ಕೈಯಾಡಿಸಿ ನೋಡಿ. ಬೇವಿನೆಣ್ಣೆಯ ಸೀಸೆ, ಹರಿದ ಹಗ್ಗದ ತುಂಡು, ತುಕ್ಕು ಹಿಡಿದ ಕತ್ತರಿ, ಅರ್ಧ ಉರಿದ ಮೇಣದಬತ್ತಿ, ಇವುಗಳ ನಡುವೆ ಹಳೆಯ ಪತ್ರಿಕೆಯ ಚೂರಿನಲ್ಲಿ ಸುತ್ತಿದ ಒಂದು ಪುಟ್ಟ ಪೊಟ್ಟಣ ಸಿಕ್ಕರೂ ಸಿಕ್ಕೀತು. ಬಿಚ್ಚಿದರೆ ಒಳಗೆ ಮುರಿದ ಸೂಜಿಯ ಮೊನೆಗಳ ಹಾಗೆ ಮಿನುಗುವ ಕಡುನೇರಳೆ ಹರಳುಗಳು. ಒಂದೆರಡು ಹರಳು ಬಿದ್ದರೆ ಸಾಕು, ತಂಬಿಗೆ ನೀರೆಲ್ಲ ಬಣ್ಣವಾಗುತ್ತದೆ. ಬಾವಿಗೆ ಹಾಕುವ ಔಷಧಿ ಎಂದು ಕೆಲವರು, ದನದ ಬಾಯಿ ತೊಳೆಯುವ ಔಷಧಿ ಎಂದು ಕೆಲವರು ಇದನ್ನು ಕರೆಯುತ್ತಾರೆ. ಇದರ ಹೆಸರು ಪೊಟ್ಯಾಸಿಯಂ ಪರ್ಮಾಂಗನೇಟ್.

ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಇದೇ ಹರಳನ್ನು ಕಂದು ಗಾಜಿನ ಸೀಸೆಯಲ್ಲಿ ತುಂಬಿ, ಎಣ್ಣೆ ಮತ್ತು ಆಮ್ಲಗಳಿಂದ ದೂರ, ಬೇರೆ ಕಪಾಟಿನಲ್ಲಿ ಇಡುತ್ತಾರೆ. ಮೇಷ್ಟ್ರ ಅಪ್ಪಣೆಯಿಲ್ಲದೆ ಹುಡುಗರು ಮುಟ್ಟುವ ಹಾಗಿಲ್ಲ. ಅಲ್ಲಿ ಅಷ್ಟು ಕಟ್ಟುನಿಟ್ಟು. ನಮ್ಮಲ್ಲಿ ಎಣ್ಣೆ ಸೀಸೆಯ ಪಕ್ಕ, ಹುಲ್ಲು ಒಟ್ಟಿದ ಅಟ್ಟದ ಕೆಳಗೆ. ವಸ್ತು ಮಾತ್ರ ಎರಡೂ ಕಡೆ ಒಂದೇ. ಇದನ್ನು ಮನೆಯಿಂದ ಆಚೆ ಎಸೆಯಿರಿ ಎಂದು ನಾನು ಹೇಳಹೊರಟಿಲ್ಲ. ಅಗ್ಗದ, ಉಪಯೋಗಕ್ಕೆ ಬರುವ ವಸ್ತು ಇದು. ಆದರೆ ಇದನ್ನು ಎಷ್ಟು ನೀರಿಗೆ ಎಷ್ಟು ಹಾಕಬೇಕು, ಯಾವುದರ ಪಕ್ಕ ಇಡಬಾರದು ಎಂಬ ಎರಡು ಮಾತು ತಿಳಿಯದೆ ಮನೆಯಲ್ಲಿ ಇಟ್ಟುಕೊಳ್ಳತಕ್ಕದ್ದಲ್ಲ.

ಇದು ಎಂಥ ವಸ್ತು?

ಮ್ಯಾಂಗನೀಸ್ ಎಂಬ ಲೋಹದ ಅದಿರಿನಿಂದ ಇದನ್ನು ತಯಾರಿಸುತ್ತಾರೆ. ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡಗಳಲ್ಲಿ ಈ ಅದಿರು ತೆಗೆಯುವುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಅದಿರನ್ನು ಕಾಸ್ಟಿಕ್ ಪೊಟ್ಯಾಷ್ ಜೊತೆ ಗಾಳಿಯಲ್ಲಿ ಕಾಯಿಸಿ, ಅನಂತರ ವಿದ್ಯುತ್ ಹಾಯಿಸಿದರೆ ನೇರಳೆ ಹರಳು ದೊರೆಯುತ್ತದೆ.

ಇದರ ಗುಣ ತಿಳಿಯಲು ಒಲೆಯನ್ನು ನೆನೆದುಕೊಳ್ಳಿ. ಕಟ್ಟಿಗೆ ಇದೆ, ಕೆಂಡ ಇದೆ, ಆದರೂ ಒಲೆ ಹೊಗೆಯಾಡುತ್ತದೆ. ಊದುಕೊಳವೆಯಿಂದ ಊದಿದೊಡನೆ ಧಗ್ಗನೆ ಹೊತ್ತಿಕೊಳ್ಳುತ್ತದೆ. ಗಾಳಿಯಲ್ಲಿರುವ ಆಮ್ಲಜನಕ ಮಾಡುವ ಕೆಲಸ ಅದು. ಪರ್ಮಾಂಗನೇಟ್ ಹರಳು ತನ್ನೊಳಗೇ ಆಮ್ಲಜನಕವನ್ನು ಅಡಗಿಸಿಕೊಂಡಿದೆ, ಯಾರಾದರೂ ಕೈಯೊಡ್ಡಿದರೆ ಕೊಟ್ಟುಬಿಡುತ್ತದೆ. ಇಂಥ ವಸ್ತುಗಳನ್ನು ವಿಜ್ಞಾನಿಗಳು ಉತ್ಕರ್ಷಕಗಳು ಎನ್ನುತ್ತಾರೆ. ತಾನಾಗಿ ಇದು ಉರಿಯುವುದಿಲ್ಲ, ಆದರೆ ಪಕ್ಕದಲ್ಲಿದ್ದುದನ್ನು ಉರಿಸುತ್ತದೆ. ಸುಮಾರು 240 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಹರಳೇ ಒಡೆದು ಆಮ್ಲಜನಕ ಹೊರಬೀಳುತ್ತದೆ.

ರೋಗಾಣುವನ್ನು ಕೊಲ್ಲುವುದೂ ಇದೇ ಗುಣ. ರೋಗಾಣುವಿನ ಮೈಯನ್ನು ಅದು ಸುಡುತ್ತದೆ. ಹಸುವಿನ ನಾಲಿಗೆ, ನಿಮ್ಮ ಬೆರಳು, ಮಗುವಿನ ಕಣ್ಣು, ಹುಲ್ಲಿನ ಕಟ್ಟು, ಬೆಲ್ಲದ ಅಚ್ಚು ಇವು ಯಾವುದನ್ನೂ ಅದು ರೋಗಾಣುವಿನಿಂದ ಬೇರೆ ಮಾಡಿ ನೋಡುವುದಿಲ್ಲ. ಸಿಕ್ಕಿದ್ದನ್ನು ಸುಡುತ್ತದೆ. ನೀರಿನಲ್ಲಿ ತೀರ ತೆಳುವಾಗಿ ಬೆರೆಸಿದಾಗ ಮಾತ್ರ ರೋಗಾಣು ಸಾಯುವಷ್ಟು, ಚರ್ಮ ಬೇಯದಷ್ಟು ಮೆತ್ತಗಾಗುತ್ತದೆ.

ಕಾಲುಬಾಯಿ ಜ್ವರದ ಔಷಧಿಗಳು ಒಂದೇ ಗೂಡಿನಲ್ಲಿ ಬೇಡ

ದನಕ್ಕೆ ಕಾಲುಬಾಯಿ ಜ್ವರ ಬಂದಾಗ ಪಶು ಆಸ್ಪತ್ರೆಯವರು ಸಾಮಾನ್ಯವಾಗಿ ಹೇಳುವುದೇನು? ಪರ್ಮಾಂಗನೇಟ್ ನೀರಿನಿಂದ ಬಾಯಿಯ ಹುಣ್ಣು ತೊಳೆಯಿರಿ, ಆಮೇಲೆ ಬೋರಿಕ್ ಪುಡಿ ಕಲಸಿದ ಗ್ಲಿಸರಿನ್ ಹಚ್ಚಿ. ಕಾಲಿನ ಹುಣ್ಣಿಗೆ ನೊಣ ಕೂರದಂತೆ ಬೇವಿನೆಣ್ಣೆ ಸವರಿ. ಸಲಹೆ ಸರಿಯಾಗಿಯೇ ಇದೆ. ಹರಳು, ಗ್ಲಿಸರಿನ್, ಬೇವಿನೆಣ್ಣೆ ಮೂರನ್ನೂ ಒಂದೇ ಚೀಲದಲ್ಲಿ ತಂದು ಒಂದೇ ಗೂಡಿನಲ್ಲಿ ಇಡುತ್ತೇವಲ್ಲ, ತಪ್ಪು ಅಲ್ಲಿದೆ.

ಪರ್ಮಾಂಗನೇಟ್ ಪುಡಿಯ ಮೇಲೆ ಗ್ಲಿಸರಿನ್ ಬಿದ್ದರೆ ಬೆಂಕಿಕಡ್ಡಿ ಗೀರಬೇಕಾಗಿಲ್ಲ. ಮೊದಲು ಏನೂ ಆಗುವುದಿಲ್ಲ. ಕೆಲವು ಕ್ಷಣ ಕಳೆಯುತ್ತದೆ, ಕೆಲವೊಮ್ಮೆ ಅರ್ಧ ನಿಮಿಷವೂ ಆದೀತು. ಆಮೇಲೆ ಸಣ್ಣಗೆ ಹೊಗೆಯೇಳುತ್ತದೆ, ಅದರ ಬೆನ್ನಿಗೇ ನೇರಳೆ ಛಾಯೆಯ ಜ್ವಾಲೆ ಭುಗಿಲೆನ್ನುತ್ತದೆ. ಹರಳು ನುಣ್ಣಗಿದ್ದಷ್ಟೂ, ಹವೆ ಬಿಸಿಯಿದ್ದಷ್ಟೂ ಬೇಗ ಹೊತ್ತಿಕೊಳ್ಳುತ್ತದೆ. ಈ ತಡವೇ ಮೋಸದ್ದು. ಸೀಸೆ ಉರುಳಿ ಗ್ಲಿಸರಿನ್ ಸೋರಿದ್ದನ್ನು ಕಂಡು, "ಏನೂ ಆಗಲಿಲ್ಲವಲ್ಲ" ಎಂದು ನೀವು ಹಾಲು ಕರೆಯಲು ಆಚೆ ಹೋಗಿರುತ್ತೀರಿ. ಕೊಟ್ಟಿಗೆಯ ಅಟ್ಟದಲ್ಲಿ ಒಣ ಹುಲ್ಲು ಇರುತ್ತದೆ. ಶಾಲೆಯಲ್ಲಿ ಈ ಪ್ರಯೋಗ ನೋಡಿ ಬಂದ ಹುಡುಗರು ಮನೆಯಲ್ಲಿ ಮಾಡಿ ತೋರಿಸಲು ಹೊರಡುವುದುಂಟು. ಅವರಿಗೆ ಈ ಹರಳು ಸಿಗದಂತೆ ನೋಡಿಕೊಳ್ಳಿ.

ನೀರಿನಲ್ಲಿ ತೆಳುವಾಗಿ ಬೆರೆಸಿದ ಪರ್ಮಾಂಗನೇಟಿನಿಂದ ಬಾಯಿ ತೊಳೆದು, ಬಳಿಕ ಗ್ಲಿಸರಿನ್ ಹಚ್ಚಿದರೆ ಬೆಂಕಿಯ ಭಯವಿಲ್ಲ. ಭಯ ಇರುವುದು ಒಣ ಹರಳಿನಿಂದ. ಆದ್ದರಿಂದ ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿ ಇಡಿ.

ಗ್ಲಿಸರಿನ್ನಿನಷ್ಟು ಬೇಗ ಅಲ್ಲದಿದ್ದರೂ ಇನ್ನೂ ಹಲವು ವಸ್ತುಗಳಿಗೆ ಈ ಹರಳಿನೊಡನೆ ಆಗಿಬರುವುದಿಲ್ಲ. ಸೀಮೆಎಣ್ಣೆ, ಡೀಸೆಲ್, ಪಂಪ್‌ಸೆಟ್ಟಿನ ಹಳೆಯ ಎಣ್ಣೆ, ಗ್ರೀಸ್, ಸ್ಪಿರಿಟ್ ಮುಖ್ಯವಾದವು. ಸಕ್ಕರೆ, ಬೆಲ್ಲ, ಮರದ ಹೊಟ್ಟು, ಇದ್ದಿಲ ಪುಡಿ, ಹತ್ತಿ ಇವೂ ಸೇರುತ್ತವೆ. ದ್ರಾಕ್ಷಿಯ ಬೂದಿರೋಗಕ್ಕೆ ಹೊಡೆಯುವ ಗಂಧಕದ ಪುಡಿಯನ್ನು ವಿಶೇಷವಾಗಿ ನೆನಪಿಡಿ. ಗಂಧಕ ಮತ್ತು ಪರ್ಮಾಂಗನೇಟ್ ಬೆರೆತು ಉಜ್ಜಾಟವಾದರೆ ಪಟಾಕಿಯ ಮದ್ದಿನಂತೆ ಸಿಡಿಯಬಲ್ಲದು. ಗಂಧಕ ಅಳೆದ ಚಮಚವನ್ನಾಗಲಿ, ಅರೆದ ಕಲ್ಲನ್ನಾಗಲಿ ಇದಕ್ಕೆ ಮುಟ್ಟಿಸಬೇಡಿ. ಅಮೋನಿಯಂ ಸಲ್ಫೇಟಿನಂಥ ಗೊಬ್ಬರಗಳ ಜೊತೆಯೂ ಕೂಡದು, ಏಕೆಂದರೆ ಅಮೋನಿಯಂ ಪರ್ಮಾಂಗನೇಟ್ ಎಂಬ ಸ್ಫೋಟಕ ವಸ್ತು ಹುಟ್ಟಲು ಅವಕಾಶವಿದೆ. ಬ್ಯಾಟರಿಗೆ ಹಾಕುವ ಗಂಧಕಾಮ್ಲದ ಗಾಢ ರೂಪ ಹರಳಿಗೆ ತಗುಲಿದರೂ ಸ್ಫೋಟವಾಗುತ್ತದೆ. ಕಕ್ಕಸು ತೊಳೆಯುವ ಆಸಿಡ್ ತಗುಲಿದರೆ ಕ್ಲೋರಿನ್ ಎಂಬ ವಿಷಗಾಳಿ ಏಳುತ್ತದೆ. ಕಲೆ ಹೋಗಲೆಂದು ನೇರಳೆ ನೀರು ಚೆಲ್ಲಿದ ನೆಲಕ್ಕೆ ಆಸಿಡ್ ಸುರಿಯುವವರು ಇದನ್ನು ಗಮನಿಸಬೇಕು.

ಚೆಲ್ಲಿದ ಹರಳನ್ನು ಗೋಣಿಚೀಲದ ತುಂಡಿನಿಂದ ಒರೆಸಿ ಮೂಲೆಗೆ ಎಸೆಯುವುದು ನಮ್ಮ ವಾಡಿಕೆ. ಹರಳು ಹಿಡಿದ ಗೋಣಿ ಒಣಗಿದ ಮೇಲೆ ಬೀಡಿಯ ಒಂದು ಕಿಡಿ ಸಾಕು, ಮಾಮೂಲಿನ ಗೋಣಿಗಿಂತ ಎಷ್ಟೋ ಜೋರಾಗಿ ಉರಿಯುತ್ತದೆ. ಶುಚಿಯಾದ ತಗಡಿನ ತುಂಡಿನಿಂದ ಹರಳನ್ನು ಗೋರಿ, ಒಣಗಿದ ಡಬ್ಬಿಗೆ ಹಾಕಿ. ಉಳಿದ ಕಣಗಳನ್ನು ಧಾರಾಳ ನೀರು ಸುರಿದು ತೊಳೆಯಿರಿ. ಆ ನೀರು ಬಾವಿಗೋ ಮೀನಿನ ಹೊಂಡಕ್ಕೋ ಹರಿಯಬಾರದು. ಚೆಲ್ಲಿದ್ದನ್ನು ಮತ್ತೆ ಮೂಲ ಡಬ್ಬಿಗೆ ಸೇರಿಸಲೂ ಬೇಡಿ, ಅದರಲ್ಲಿ ಹೊಟ್ಟು, ಸಗಣಿಯ ಪುಡಿ ಸೇರಿರುತ್ತದೆ.

ಪರ್ಮಾಂಗನೇಟ್ ಸೇರಿದ ಬೆಂಕಿಗೆ ಮಣ್ಣು ಎರಚುವುದರಿಂದಾಗಲಿ, ಕಂಬಳಿ ಮುಚ್ಚುವುದರಿಂದಾಗಲಿ ಪ್ರಯೋಜನ ಕಡಿಮೆ. ಹೊರಗಿನ ಗಾಳಿಯನ್ನು ತಡೆದರೆ ಬೆಂಕಿ ಆರುತ್ತದೆ ಎಂಬುದು ಕಟ್ಟಿಗೆಯ ಬೆಂಕಿಯ ಮಾತು. ಇಲ್ಲಿ ಗಾಳಿ ಹರಳಿನ ಒಳಗೇ ಇದೆ. ದೂರ ನಿಂತು ಕೊಡಗಟ್ಟಲೆ ನೀರು ಸುರಿಯಬೇಕು, ಪಂಪ್‌ಸೆಟ್ಟಿನ ಪೈಪು ಎಟುಕಿದರೆ ಇನ್ನೂ ಒಳ್ಳೆಯದು. ಕೊಟ್ಟಿಗೆಯಲ್ಲಾದರೆ ಮೊದಲು ದನದ ಕಣ್ಣಿ ಬಿಚ್ಚಿ.

ದ್ರಾವಣ ಮಾಡುವ ಬಗೆ

ಇನ್ನು ಅಳತೆಯ ವಿಚಾರ. ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳಿಬಿಡುತ್ತೇನೆ. ಕಾಲುಬಾಯಿ ಜ್ವರ ಬಂದ ಹಸುವೊಂದರ ಬಾಯಿ ತೊಳೆಯಲು ನಾನೇ ದ್ರಾವಣ ಮಾಡಿದೆ. ಬಣ್ಣ ಕಡುವಾದಷ್ಟೂ ಗುಣ ಹೆಚ್ಚು ಎಂದು ನನ್ನ ಎಣಿಕೆ. ಹಿಡಿಯಲ್ಲಿ ಬಂದಷ್ಟು ಹರಳನ್ನು ಬಕೆಟ್ಟಿಗೆ ಎರಚಿ, ಕೋಲಿನಲ್ಲಿ ಎರಡು ಸಲ ತಿರುಗಿಸಿ, ಅದನ್ನೇ ಬಾಯಿಗೆ ಹಾಕಿದೆ. ಮರುದಿನ ಹಸು ಹುಲ್ಲಿಗೆ ಮೂತಿ ಸಹ ಇಡಲಿಲ್ಲ. ಪಶುವೈದ್ಯರು ಬಂದವರು ಹಸುವಿಗಿಂತ ಮೊದಲು ನೋಡಿದ್ದು ಬಕೆಟ್ಟನ್ನು. "ಎಷ್ಟು ಲೀಟರಿಗೆ ಎಷ್ಟು ಗ್ರಾಂ ಹಾಕಿದಿರಿ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಜ್ವರದ ಹುಣ್ಣಿನ ಮೇಲೆ ನಾನು ಸುಟ್ಟ ಹುಣ್ಣು ಬೇರೆ ಸೇರಿಸಿದ್ದೆ. ಆ ಹಸು ಮತ್ತೆ ಸರಿಯಾಗಿ ಮೇಯಲು ಎರಡು ವಾರ ಹಿಡಿಯಿತು. ಅಷ್ಟು ದಿನವೂ ಗಂಜಿ ಕುಡಿಸಿ ಉಳಿಸಿಕೊಂಡೆವು.

ಈ ಹರಳಿನ ಬಣ್ಣ ಬಲು ಜೋರು. ಒಂದು ಚಿಟಿಕೆ ಹಾಕಿದರೂ ಬಕೆಟ್ಟೆಲ್ಲ ಬಣ್ಣವಾಗುತ್ತದೆ, ಹತ್ತು ಚಿಟಿಕೆ ಹಾಕಿದರೂ ಬಣ್ಣವಾಗುತ್ತದೆ. ಬಕೆಟ್ಟನ್ನು ಮೇಲಿನಿಂದ ನೋಡಿದ ಕಣ್ಣಿಗೆ ಎರಡಕ್ಕೂ ಇರುವ ವ್ಯತ್ಯಾಸ ಹೊಳೆಯದು. ಜೊತೆಗೆ ಹರಳು ನೀರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಭಾರ. ತಳಕ್ಕೆ ಇಳಿದು ನಿಧಾನವಾಗಿ ಕರಗುತ್ತದೆ. ಕಡುಬಣ್ಣದ ಅಡಿಯಲ್ಲಿ ಕರಗದ ಹರಳು ಕುಳಿತಿರುವುದು ಕಾಣುವುದೇ ಇಲ್ಲ. ಕೊನೆಯ ತಂಬಿಗೆ ನೀರಿನೊಡನೆ ಆ ಹರಳು ಹುಣ್ಣಿನ ಮೇಲೆ ಕೂತರೆ ಕೆಂಡ ಇಟ್ಟ ಹಾಗೆ.

ಆದ್ದರಿಂದ ಹೀಗೆ ಮಾಡಿ. 10 ಗ್ರಾಂ ಹರಳನ್ನು ಅಕ್ಕಸಾಲಿಗರ ತಕ್ಕಡಿಯಲ್ಲೋ ಔಷಧಿ ಅಂಗಡಿಯಲ್ಲೋ ತೂಗಿಸಿಕೊಳ್ಳಿ. ಗಾಜಿನ ಸೀಸೆಯಲ್ಲಿ ಒಂದು ಲೀಟರು ಶುದ್ಧ ನೀರಿಗೆ ಹಾಕಿ, ಬಿರಡೆ ಮುಚ್ಚಿ, ಆಗಾಗ ಅಲುಗಾಡಿಸುತ್ತ ಕೆಲವು ಗಂಟೆ ಬಿಡಿ. ಆಮೇಲೆ ಅಲುಗಾಡಿಸದೆ ಮೇಲಿನ ತಿಳಿಯನ್ನು ಬೇರೆ ಸೀಸೆಗೆ ಬಗ್ಗಿಸಿಕೊಳ್ಳಿ. ಬಟ್ಟೆಯಲ್ಲಿ ಸೋಸಬೇಡಿ. ಬಟ್ಟೆಯನ್ನು ಅದು ತಿನ್ನುತ್ತದೆ, ಔಷಧಿಯೂ ಕೆಡುತ್ತದೆ. ಇದು ಮೂಲ ದ್ರಾವಣ. ಇದನ್ನು ಹಾಗೆಯೇ ಯಾವ ಗಾಯಕ್ಕೂ ಹಾಕತಕ್ಕದ್ದಲ್ಲ. ಇದರಿಂದ 100 ಮಿಲಿಲೀಟರ್ ತೆಗೆದು ನೀರು ಬೆರೆಸಿ ಒಂದು ಲೀಟರು ಮಾಡಿದರೆ ಸಾವಿರಕ್ಕೆ ಒಂದು ಪಾಲಿನ ದ್ರಾವಣವಾಯಿತು. ಅದೇ 100 ಮಿಲಿಲೀಟರಿಗೆ ನೀರು ಬೆರೆಸಿ 10 ಲೀಟರು, ಅಂದರೆ ಒಂದು ಸಣ್ಣ ಬಕೆಟ್ಟು ಮಾಡಿದರೆ ಹತ್ತು ಸಾವಿರಕ್ಕೆ ಒಂದು ಪಾಲು.

ಮನುಷ್ಯರ ಚರ್ಮಕ್ಕೆ ಹತ್ತು ಸಾವಿರಕ್ಕೆ ಒಂದು ಪಾಲಿನದೇ ಸಾಕು. ನೀರು ಒಸರುವ ಕಜ್ಜಿಗೆ ಚರ್ಮವೈದ್ಯರು ಇಂದಿಗೂ ಇದೇ ಅಳತೆ ಹೇಳುತ್ತಾರೆ. ದನದ ಬಾಯಿ, ಗೊರಸಿನ ಹುಣ್ಣು, ಕೆಚ್ಚಲು ಇವುಗಳಿಗೆ ಎಷ್ಟು ತೆಳು ಬೇಕೆಂದು ಪಶುವೈದ್ಯರನ್ನು ಕೇಳಿ. ಅವರನ್ನು ಕೇಳದೆ ಸಾವಿರಕ್ಕೆ ಒಂದು ಪಾಲಿಗಿಂತ ಗಾಢವಾದುದನ್ನು ಬಳಸಲೇಬೇಡಿ. ಕೆಚ್ಚಲಿಗೆ ದಿನಾ ಎರಡು ಹೊತ್ತು ಗಾಢ ದ್ರಾವಣ ಬಿದ್ದರೆ ಮೊಲೆತೊಟ್ಟು ಒಣಗಿ ಬಿರಿಯುತ್ತದೆ. ಬಿರಿದ ತೊಟ್ಟಿನಲ್ಲಿ ರೋಗಾಣು ಮನೆ ಮಾಡುತ್ತದೆ. ಕೆಚ್ಚಲು ಬಾವು ಬಾರದಿರಲಿ ಎಂದು ಮಾಡಿದ ಕೆಲಸವೇ ಅದನ್ನು ಕರೆದ ಹಾಗಾಗುತ್ತದೆ.

ಇನ್ನೊಂದು ಗುರುತು ತಿಳಿದಿರಲಿ. ನೇರಳೆ ಬಣ್ಣ ಇರುವವರೆಗೆ ಔಷಧಿಗೆ ಶಕ್ತಿಯಿದೆ. ಸಗಣಿ, ಕೀವು, ಮಣ್ಣು ಸೇರಿ ನೀರು ಕಂದಾಯಿತೆಂದರೆ ಶಕ್ತಿ ಮುಗಿಯಿತು. ಅದು ಮ್ಯಾಂಗನೀಸ್ ಡೈ ಆಕ್ಸೈಡ್, ಹರಳು ಹುಟ್ಟಿದ ಅದಿರಿನಲ್ಲಿರುವ ವಸ್ತುವೇ. ಅದರಿಂದ ಎಷ್ಟು ತೊಳೆದರೂ ಕಂದು ಕಲೆಯಲ್ಲದೆ ಬೇರೇನೂ ಸಿಗದು. ಹುಣ್ಣನ್ನು ಮೊದಲು ಬರಿ ನೀರಿನಿಂದ ತೊಳೆದು, ಆಮೇಲೆ ದ್ರಾವಣ ಹಾಕಿದರೆ ಔಷಧಿ ವ್ಯರ್ಥವಾಗುವುದಿಲ್ಲ. ತೆಳು ದ್ರಾವಣವನ್ನು ಆಯಾ ದಿನವೇ ಮಾಡಿಕೊಳ್ಳಿ.

ಹಾವು ಕಡಿದ ಗಾಯಕ್ಕೆ ಇದನ್ನು ಹಾಕಬೇಡಿ

ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ಒಂದು ನಂಬಿಕೆಯನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಹಾವು ಕಡಿದ ಜಾಗವನ್ನು ಬ್ಲೇಡಿನಿಂದ ಕೊಯ್ದು, ಪರ್ಮಾಂಗನೇಟ್ ಹರಳು ತುಂಬಿ ಉಜ್ಜಿದರೆ ವಿಷ ಇಳಿಯುತ್ತದೆ ಎಂಬುದೇ ಆ ನಂಬಿಕೆ. ಇದು ನಾಟಿವೈದ್ಯದಿಂದ ಬಂದದ್ದಲ್ಲ, ದೊಡ್ಡ ದೊಡ್ಡ ವಿಜ್ಞಾನಿಗಳೇ ಒಂದು ಕಾಲದಲ್ಲಿ ಹೇಳಿದ್ದು. ಬ್ರೆಜಿಲ್ ದೇಶದ ಲಸೆರ್ಡಾ ಎಂಬ ವಿಜ್ಞಾನಿ 1881ರಲ್ಲಿ ಹಾವಿನ ವಿಷಕ್ಕೆ ಪರ್ಮಾಂಗನೇಟ್ ಮದ್ದೆಂದು ಸಾರಿದರು. 1904ರಲ್ಲಿ ಬ್ರಂಟನ್, ಫೇರರ್, ರಾಜರ್ಸ್ ಎಂಬ ಮೂವರು ಬ್ರಿಟಿಷ್ ವೈದ್ಯರು ಪ್ರಯೋಗಗಳ ವರದಿ ಪ್ರಕಟಿಸಿದರು. ಒಂದು ತುದಿಯಲ್ಲಿ ಚೂಪಾದ ಅಲಗು, ಇನ್ನೊಂದು ತುದಿಯ ಟೊಳ್ಳಿನಲ್ಲಿ ಹರಳು ತುಂಬಿದ ಪುಟ್ಟ ಸಾಧನ ಬಳಕೆಗೆ ಬಂತು. ನಮ್ಮ ದೇಶದಲ್ಲೂ ಅದು ಹರಡಿತು.

ಎಡವಿದ್ದು ಎಲ್ಲಿ? ಗಾಜಿನ ಕೊಳವೆಯಲ್ಲಿ ವಿಷ ಮತ್ತು ಪರ್ಮಾಂಗನೇಟ್ ಎರಡನ್ನೇ ಬೆರೆಸಿದರೆ ವಿಷ ನಾಶವಾಗುವುದು ನಿಜ. ಆದರೆ ಕಾಲಿನಲ್ಲಿ ವಿಷ ಒಂದೇ ಇರುವುದಿಲ್ಲ. ರಕ್ತ ಇದೆ, ಮಾಂಸ ಇದೆ, ನರ ಇದೆ. ಪರ್ಮಾಂಗನೇಟ್ ಮೊದಲು ಸಿಕ್ಕಿದ ರಕ್ತಮಾಂಸವನ್ನೇ ಸುಟ್ಟು ಅಲ್ಲೇ ಮುಗಿದುಹೋಗುತ್ತದೆ. ಅಷ್ಟರಲ್ಲಿ ವಿಷ ಅದಕ್ಕೆ ಎಟುಕದಷ್ಟು ಒಳಕ್ಕೆ ಹೋಗಿರುತ್ತದೆ. ಮಂಡಲದ ಹಾವು ಕಡಿದವರ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕಳೆದುಕೊಳ್ಳುತ್ತದೆ, ಅಂಥವರ ಕಾಲು ಕೊಯ್ದರೆ ರಕ್ತ ನಿಲ್ಲದೆ ಸುರಿಯುತ್ತದೆ. ಕಡಿತದಿಂದ ಬದುಕಿದವರೂ ಸುಟ್ಟು ಕೊಳೆತ ಗಾಯದಿಂದ ಕಾಲು ಕಳೆದುಕೊಳ್ಳಬಹುದು. ಇಂದಿನ ವೈದ್ಯಕೀಯ ಮಾರ್ಗದರ್ಶನಗಳು ಕೊಯ್ಯುವುದನ್ನೂ, ಬಾಯಿಯಿಂದ ಹೀರುವುದನ್ನೂ, ಹರಳು ಉಜ್ಜುವುದನ್ನೂ ಒಟ್ಟಿಗೇ ನಿಷೇಧಿಸಿವೆ.

ಕಡಿತವಾದ ಕಾಲನ್ನೋ ಕೈಯನ್ನೋ ಮೂಳೆ ಮುರಿದಾಗ ಮಾಡುವಂತೆ ದಬ್ಬೆ ಕಟ್ಟಿ ಅಲುಗದಂತೆ ಇಡಿ. ರಕ್ತ ನಿಲ್ಲುವಂತೆ ಬಿಗಿಯಾಗಿ ಹಗ್ಗ ಬಿಗಿಯಬೇಡಿ. ಉಂಗುರ, ಕಾಲುಂಗುರ, ಕಡಗ ತೆಗೆಯಿರಿ. ನಡೆಸದೆ ಎತ್ತಿಕೊಂಡು, 108ಕ್ಕೆ ಫೋನು ಮಾಡಿಯೋ ಸಿಕ್ಕಿದ ವಾಹನದಲ್ಲೋ ವಿಷಹಾರಿ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಹೊರಡಿ. ನಮ್ಮ ರಾಜ್ಯದಲ್ಲಿ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳಿಗೆ ಸೇರಿಸಲಾಗಿದೆ. ಹರಳು ಹುಡುಕುತ್ತ ಮನೆಯಲ್ಲಿ ಕಳೆವ ಕಾಲು ಗಂಟೆ ದಾರಿಯಲ್ಲಿ ಕಳೆದರೆ ಆಸ್ಪತ್ರೆ ಅಷ್ಟು ಹತ್ತಿರವಾಗುತ್ತದೆ.

ಕೋಳಿ ಮನೆಯಲ್ಲಿ ಫಾರ್ಮಲಿನ್ ಜೊತೆ

ಕೋಳಿ ಸಾಕುವವರಲ್ಲಿ ಈ ಹರಳಿನ ಬಳಕೆ ಬೇರೆ ಬಗೆಯದು. ಒಂದು ತಂಡದ ಕೋಳಿ ಮಾರಿದ ಮೇಲೆ ಖಾಲಿ ಮನೆಯನ್ನು ತೊಳೆದು, ಫಾರ್ಮಲಿನ್ನನ್ನು ಪರ್ಮಾಂಗನೇಟಿನ ಮೇಲೆ ಸುರಿದು, ಏಳುವ ಹೊಗೆಯಿಂದ ರೋಗಾಣುಗಳನ್ನು ಕೊಲ್ಲುತ್ತಾರೆ. ಮೊಟ್ಟೆ ಮರಿ ಮಾಡುವ ಯಂತ್ರಗಳಿಗೂ ಇದೇ ಕ್ರಮ. ಪ್ರತಿ 100 ಘನ ಅಡಿ ಜಾಗಕ್ಕೆ 40 ಮಿಲಿಲೀಟರ್ ಫಾರ್ಮಲಿನ್, 20 ಗ್ರಾಂ ಪರ್ಮಾಂಗನೇಟ್ ಎಂಬುದು ಒಂದು ಪಟ್ಟು ಪ್ರಮಾಣ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಗೆ 400 ಮಿಲಿಲೀಟರಿಗೆ 200 ಗ್ರಾಂ ಆಯಿತು.

ಇಲ್ಲಿ ಕ್ರಮ ತಪ್ಪಿದರೆ ಕಣ್ಣಿಗೇ ಸಂಚಕಾರ. ಹರಳನ್ನು ಮೊದಲು ಪಾತ್ರೆಗೆ ಹಾಕಿ, ಅದರ ಮೇಲೆ ಫಾರ್ಮಲಿನ್ ಸುರಿಯಬೇಕು. ಫಾರ್ಮಲಿನ್ನಿಗೆ ಹರಳನ್ನು ಎಂದೂ ಹಾಕತಕ್ಕದ್ದಲ್ಲ. ಸುರಿದ ಕೆಲವೇ ಕ್ಷಣಗಳಲ್ಲಿ ಒಲೆಯಿಲ್ಲದೆಯೇ ಪಾತ್ರೆ ಕುದಿಯಲು ತೊಡಗುತ್ತದೆ, ಉಕ್ಕುತ್ತದೆ, ಸಿಡಿಯುತ್ತದೆ. ಹಾಗಾಗಿ ಪಾತ್ರೆ ಆಳವಾಗಿರಬೇಕು, ಫಾರ್ಮಲಿನ್ನಿನ ಹತ್ತು ಪಟ್ಟಾದರೂ ಹಿಡಿಯುವಂತಿರಬೇಕು. ಮೇಲಿನ ಲೆಕ್ಕಕ್ಕೆ ಕನಿಷ್ಠ 4 ಲೀಟರಿನ ಪಾತ್ರೆ. ಮಣ್ಣಿನ ಬಾನಿ ಅಥವಾ ಎನಾಮಲ್ ಪಾತ್ರೆ ಆಗಬಹುದು. ಪ್ಲಾಸ್ಟಿಕ್ ಬಕೆಟ್ಟು ಬಿಸಿಗೆ ಕರಗುತ್ತದೆ. ಪಾತ್ರೆಯ ಸುತ್ತ ಭತ್ತದ ಹೊಟ್ಟು, ಕಾಗದ, ಗೋಣಿ ಇರಬಾರದು. ಆ ಹೊಗೆಗೂ ಬೆಂಕಿ ಹಿಡಿಯುವ ಗುಣವಿರುವುದರಿಂದ ದೀಪ, ಬೀಡಿ ಕೂಡದು.

ಒಬ್ಬರೇ ಈ ಕೆಲಸಕ್ಕೆ ಇಳಿಯಬೇಡಿ. ಬಾಗಿಲ ಹೊರಗೆ ಇನ್ನೊಬ್ಬರು ನಿಂತಿರಲಿ. ಹಲವು ಪಾತ್ರೆಗಳಿದ್ದರೆ ಬಾಗಿಲಿಗೆ ದೂರದ್ದರಲ್ಲಿ ಮೊದಲು ಸುರಿದು, ಹಿಂದೆ ಹಿಂದೆ ಸರಿಯುತ್ತ ಬಾಗಿಲ ಬಳಿಯದನ್ನು ಕೊನೆಗೆ ಸುರಿದು ಹೊರಬೀಳಿ. ಮೂಗಿಗೆ ಕಟ್ಟಿದ ಒದ್ದೆ ಟವಲು ಈ ಹೊಗೆಯನ್ನು ತಡೆಯದು, ಅದಕ್ಕೆಂದೇ ಮಾಡಿದ ಮುಖಕವಚ ಮತ್ತು ಕನ್ನಡಕ ಬೇಕು. ಅವು ಇಲ್ಲದಿದ್ದರೆ ಈ ಕ್ರಮವನ್ನೇ ಬಿಟ್ಟುಬಿಡಿ. ಮನೆಯನ್ನು ಒಂದು ದಿನ ಮುಚ್ಚಿಟ್ಟು, ಬಳಿಕ ಕಿಟಕಿ ಬಾಗಿಲು ತೆರೆದು, ಕಣ್ಣುರಿ ಪೂರ್ತಿ ಹೋಗುವವರೆಗೆ ಗಾಳಿಯಾಡಿಸಿ. ಪಾತ್ರೆಯಲ್ಲಿ ಒಣ ಕಂದು ಪುಡಿ ಉಳಿದಿದ್ದರೆ ಅಳತೆ ಸರಿಯಾಗಿತ್ತು ಎಂದರ್ಥ. ಒದ್ದೆಯಾಗಿದ್ದರೆ ಹರಳು ಸಾಲಲಿಲ್ಲ, ನೇರಳೆ ಉಳಿದಿದ್ದರೆ ಹರಳು ಹೆಚ್ಚಾಯಿತು. ನೇರಳೆ ಉಳಿದಿದ್ದನ್ನು ಕೆರೆಯುವ ಮೊದಲು ಧಾರಾಳ ನೀರು ಹಾಕಿ.

ಫಾರ್ಮಲಿನ್ನಿನ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ತೀರ್ಮಾನಿಸಿತು. ಹೊಗೆಯ ಬದಲು ಸಿಂಪಡಿಸುವ ಬೇರೆ ಸೋಂಕುನಾಶಕಗಳು ಈಗ ದೊರೆಯುತ್ತವೆ. ಸಣ್ಣ ಕೋಳಿ ಮನೆಯವರು ಅವನ್ನೇ ಕೇಳಿ ತರುವುದು ಲೇಸೆಂದು ನನ್ನ ಅಭಿಪ್ರಾಯ. ರೇಷ್ಮೆ ಸಾಕುವವರ ಮನೆಯಲ್ಲೂ ಹುಳುಮನೆಗೆ ಸಿಂಪಡಿಸಲು ತಂದ ಫಾರ್ಮಲಿನ್ ಕ್ಯಾನು ಇರುವುದುಂಟು. ಅದಿರುವ ಕೋಣೆಗೆ ಪರ್ಮಾಂಗನೇಟ್ ಬೇಡ.

ಬಾವಿಗೆ ಈಗ ಬ್ಲೀಚಿಂಗ್ ಪುಡಿ

ಕಾಲರಾ ಬಂದ ವರ್ಷ ಊರ ಬಾವಿಯ ನೀರು ಕೆಂಪಾಗಿದ್ದುದನ್ನು ಹಿರಿಯರು ಹೇಳುತ್ತಾರೆ. 1890ರ ದಶಕದಲ್ಲಿ ಆಗ್ರಾದಲ್ಲಿದ್ದ ಹ್ಯಾಂಕಿನ್ ಎಂಬ ವಿಜ್ಞಾನಿ ಈ ಪದ್ಧತಿಯನ್ನು ಪ್ರಚಾರಕ್ಕೆ ತಂದರು. ಬೇರೇನೂ ಇಲ್ಲದ ಕಾಲಕ್ಕೆ ಅದು ಉಪಕಾರವನ್ನೇ ಮಾಡಿತು. ಆದರೆ ಕಾಲರಾ ರೋಗಾಣುವಿನ ಮೇಲೆ ನಡೆದಷ್ಟು ಇದರ ಆಟ ಬೇರೆ ರೋಗಾಣುಗಳ ಮೇಲೆ ನಡೆಯದು. ನೀರಿನ ಬಣ್ಣ, ರುಚಿ ಕೆಡುತ್ತದೆ. ಬಾವಿಯಲ್ಲಿ ಎಲೆ, ಕೆಸರು ಇದ್ದರೆ ಶಕ್ತಿಯೆಲ್ಲ ಅದಕ್ಕೇ ಮುಗಿಯುತ್ತದೆ. ಆದ್ದರಿಂದ ಕುಡಿಯುವ ನೀರಿಗೆ ಈಗ ಬ್ಲೀಚಿಂಗ್ ಪುಡಿಯನ್ನೇ ಹೇಳುತ್ತಾರೆ. ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಪುಡಿ ಸಾಕು. ಎರಡು ಮೀಟರ್ ಅಡ್ಡಳತೆ, ಐದು ಮೀಟರ್ ನೀರಿರುವ ದುಂಡು ಬಾವಿಯಲ್ಲಿ ಸುಮಾರು 15,700 ಲೀಟರು ನೀರಿರುತ್ತದೆ, ಅದಕ್ಕೆ 40 ಗ್ರಾಂ ಪುಡಿ. ಹಾಕಿದ ಒಂದು ಗಂಟೆಯವರೆಗೆ ನೀರು ಸೇದಬಾರದು. ಆರೋಗ್ಯ ಸಹಾಯಕರನ್ನು ಕೇಳಿದರೆ ನಿಮ್ಮ ಬಾವಿಯ ನೀರನ್ನು ಪರೀಕ್ಷಿಸಿ ಸರಿಯಾದ ಅಳತೆ ಹೇಳುತ್ತಾರೆ. ಬ್ಲೀಚಿಂಗ್ ಪುಡಿಯೂ ಉತ್ಕರ್ಷಕವೇ, ಎಣ್ಣೆ, ಆಮ್ಲಗಳಿಂದ ಅದನ್ನೂ ದೂರವಿಡಿ.

ಕಣ್ಣಿಗೆ ಬಿದ್ದರೆ, ಮಕ್ಕಳು ನುಂಗಿದರೆ

ಹರಳು ಅಥವಾ ಗಾಢ ದ್ರಾವಣ ಕಣ್ಣಿಗೆ ಸಿಡಿದರೆ ಉಜ್ಜಬೇಡಿ. ರೆಪ್ಪೆ ಬಿಡಿಸಿ ಹಿಡಿದು, ಶುದ್ಧ ನೀರನ್ನು ಸಣ್ಣ ಧಾರೆಯಾಗಿ ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ಸುರಿಯುತ್ತಿರಿ. ಹರಳೆಣ್ಣೆ, ಎದೆಹಾಲು ಹಾಕುತ್ತ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಿ.

ಚಹಾದ ಚಮಚದಲ್ಲಿ ಒಂದು ಚಮಚ ಹರಳು ಏಳೆಂಟು ಗ್ರಾಂ ತೂಗುತ್ತದೆ. ಹತ್ತು ಗ್ರಾಂ ಹೊಟ್ಟೆಗೆ ಹೋದರೆ ದೊಡ್ಡವರ ಪ್ರಾಣಕ್ಕೇ ಸಾಕು. ಮಕ್ಕಳಿಗೆ ಎಷ್ಟು ಸಾಕೆಂದು ನೀವೇ ಊಹಿಸಿ. ನುಂಗಿದವರ ತುಟಿ, ನಾಲಿಗೆ ಕಂದುಗಪ್ಪಾಗುತ್ತದೆ, ಗಂಟಲು ಊದಿ ಉಸಿರು ಕಟ್ಟುತ್ತದೆ. ರಕ್ತ ಆಮ್ಲಜನಕವನ್ನು ಹೊರುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಲೂಬಹುದು. ಉಪ್ಪುನೀರು ಕುಡಿಸಿ, ಬೆರಳು ಹಾಕಿ ವಾಂತಿ ಮಾಡಿಸುವುದು ನಮ್ಮ ಜನರ ಮೊದಲ ಕೆಲಸ. ಅದನ್ನು ಮಾಡಲೇಬೇಡಿ. ಇಳಿಯುವಾಗ ಒಮ್ಮೆ ಸುಟ್ಟದ್ದು ಹತ್ತುವಾಗ ಮತ್ತೊಮ್ಮೆ ಸುಡುತ್ತದೆ. ಬಾಯಿ ತೊಳೆಸಿ, ಎಚ್ಚರವಿದ್ದು ನುಂಗಲು ಬಂದರೆ ಒಂದೆರಡು ಗುಟುಕು ನೀರನ್ನೋ ಹಾಲನ್ನೋ ಕೊಟ್ಟು, ಹರಳಿನ ಪೊಟ್ಟಣವನ್ನೂ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಓಡಿ.

ಚರ್ಮಕ್ಕೆ ತಗುಲಿದ ಹರಳನ್ನು ಕೊಡವಿ, ನೀರಿನಿಂದ ತೊಳೆಯಿರಿ. ತೆಳು ದ್ರಾವಣದಿಂದ ಕೈ ಕಂದಾದರೆ ಗಾಬರಿ ಬೇಡ, ತೊಳೆದ ಕೈಗೆ ನಿಂಬೆಹುಳಿ ಉಜ್ಜಿದರೆ ಬಹುಮಟ್ಟಿಗೆ ಬಿಡುತ್ತದೆ. ಉಳಿದದ್ದು ಕೆಲವು ದಿನಕ್ಕೆ ತಾನೇ ಹೋಗುತ್ತದೆ. ಹರಳು ಮುಟ್ಟುವಾಗ ರಬ್ಬರಿನ ಕೈಚೀಲ ಹಾಕಿಕೊಂಡರೆ ಇದಾವುದೂ ಬೇಕಾಗದು.

ಅಂಗಡಿಯವರು ಕಾಗದದಲ್ಲಿ ಕಟ್ಟಿಕೊಟ್ಟರೆ ತೆಗೆದುಕೊಳ್ಳಬೇಡಿ. ಕಾಗದವೂ ಉರಿಯುವ ವಸ್ತುವೇ, ತೇವ ತಗುಲಿದರೆ ಹರಳು ಅದನ್ನು ತಿಂದು ತೂತು ಮಾಡಿ ಹೊರಗೆ ಉದುರುತ್ತದೆ. ಕಾರ್ಖಾನೆಯ ಸೀಲು ಇರುವ ಡಬ್ಬಿಯನ್ನೇ ಕೇಳಿ. ದೊಡ್ಡ ಡಬ್ಬಿಗಳ ಮೇಲೆ ಹಳದಿ ಬಣ್ಣದ ವಜ್ರಾಕಾರದ ಚೀಟಿ, ಅದರಲ್ಲಿ ವೃತ್ತದ ಮೇಲೆ ಉರಿಯುವ ಜ್ವಾಲೆಯ ಚಿತ್ರ, ಕೆಳಗೆ 5.1 ಎಂಬ ಅಂಕಿ ಇರುತ್ತದೆ. ಬೇರೆ ಯಾವ ರಾಸಾಯನಿಕದ ಡಬ್ಬಿಯ ಮೇಲೆ ಈ ಗುರುತು ಕಂಡರೂ ಅದೂ ಇದೇ ಜಾತಿಯದೆಂದು ತಿಳಿಯಿರಿ. ಮನೆಯಲ್ಲಿ ಗಾಜಿನ ಸೀಸೆಗೆ ತುಂಬಿ, ಪ್ಲಾಸ್ಟಿಕ್ ಬಿರಡೆ ಹಾಕಿ, ಹೆಸರು ಬರೆದು ಅಂಟಿಸಿ. ಮಕ್ಕಳ ಕೈಗೆ ಎಟುಕದ, ಬಿಸಿಲು ಬೀಳದ, ಎಣ್ಣೆ ಗೊಬ್ಬರಗಳಿಲ್ಲದ ಒಂದು ಒಣ ಗೂಡನ್ನು ಅದಕ್ಕೆಂದೇ ಬಿಡಿ. ಒಂದು ವರ್ಷಕ್ಕೆ 50 ಗ್ರಾಂ ಹರಳಿದ್ದರೆ ನಾಲ್ಕಾರು ದನವಿರುವ ಮನೆಗೆ ಬೇಕಾದಷ್ಟಾಯಿತು.